ಎಂಟನೇ ಮಹಡಿಯ ಎಡೆ

ಹುಚ್ಚೆಳ್ಳು ಹುರಿಯುವ ವಾಸನೆ ಬಂತೆಂದರೆ ಸತ್ತವರು ಊರಿಗೆ ಹತ್ತಿರವಾಗಿದ್ದಾರೆಂದು ನಿಸರ್ಗಳ ಅಜ್ಜಿ ಹೇಳುತ್ತಿದ್ದರು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಹಿತ್ತಲ ಒಲೆಯ ಮೇಲೆ ಕಬ್ಬಿಣದ ಬಾಣಲೆ ಏರುತ್ತಿತ್ತು. ಕಪ್ಪು ಕಾಳು ಚಿಟಪಟ ಸಿಡಿಯುವಾಗ ಏಳುವ ಆ ಕಮ್ಮನೆಯ ಎಣ್ಣೆಗಂಪಿನಲ್ಲಿ ಒಂದು ಎಳೆ ಕಹಿಯೂ ಇರುತ್ತಿತ್ತು. ಪುಟ್ಟ ನಿಸರ್ಗ ಅಜ್ಜಿಯ ಸೆರಗು ಹಿಡಿದು, "ಈಗ ಎಲ್ಲಿವರ್ಗೂ ಬಂದವ್ರೆ ಅಜ್ಜಿ?" ಎಂದು ಕೇಳುತ್ತಿದ್ದಳು.

"ಕೆರೆ ಏರಿ ಮ್ಯಾಲವ್ರೆ ಕಣವ್ವ. ಕಾಲು ತೊಳ್ಕೊತಾವ್ರೆ."

ಮೂವತ್ತು ವರ್ಷದ ಮೇಲೆ ಅದೇ ವಾಸನೆ ಅವಳ ಮೂಗಿಗೆ ಬಂದದ್ದು ನಡುಗಡಲಿನಲ್ಲಿ.

ಮುಂಬಯಿ ಬಿಟ್ಟು ಎರಡನೇ ದಿನ. ಸುತ್ತ ಎಲ್ಲಿ ನೋಡಿದರೂ ನೆಲವಿಲ್ಲ. ಹನ್ನೊಂದು ಮಹಡಿಯ ಹಡಗಿನ ಎಂಟನೇ ಮಹಡಿಯಲ್ಲಿ, ಫ್ಲಾಸ್ಕಿಗೆ ಬಿಸಿನೀರು ತರಲು ಹೊರಟಿದ್ದ ನಿಸರ್ಗ ಹೆಜ್ಜೆ ಮರೆತು ನಿಂತುಬಿಟ್ಟಳು.

ಆ ಕಾರಿಡಾರಿಗೆ ಕಿಟಕಿಯೇ ಇರಲಿಲ್ಲ. ಮುಂದೆಯೂ ಹಿಂದೆಯೂ ಕಣ್ಣು ಸೋಲುವವರೆಗೆ ಒಂದೇ ಥರದ ಬಾಗಿಲುಗಳು, ಒಂದೇ ಥರದ ಹಳದಿ ದೀಪಗಳು. ಬೆಳಗ್ಗೆಯೋ ಸಂಜೆಯೋ ಗೊತ್ತಾಗುತ್ತಿರಲಿಲ್ಲ. ಕಾಲಡಿಯಲ್ಲಿ, ಬಹಳ ಆಳದಲ್ಲಿ, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡುವಂಥ ಸಣ್ಣ ನಡುಕ. ಗಾಳಿಯ ಸುಳಿವಿಲ್ಲದಿದ್ದರೂ ಕೊನೆಯ ಪರದೆ ಮೆಲ್ಲಗೆ ಮುಂದೆ ಬಂದು ಹಿಂದೆ ಸರಿಯುತ್ತಿತ್ತು. ಪಿತೃಪಕ್ಷದಲ್ಲಿ ಯಾರೂ ಪ್ರವಾಸ ಹೊರಡುವುದಿಲ್ಲವಾದ್ದರಿಂದ ಹಡಗು ಅರ್ಧ ಖಾಲಿ. ಆ ಕಡೆಯ ಕೋಣೆಗಳಲ್ಲಿ ಒಬ್ಬರೂ ಇರಲಿಲ್ಲ.

ಟವೆಲ್ಲುಗಳ ಗಾಡಿ ತಳ್ಳಿಕೊಂಡು ರೂಮ್ ನೋಡಿಕೊಳ್ಳುವ ಶಶಿಕುಮಾರ್ ಬಂದ. ಮಂಗಳೂರಿನ ಕಡೆಯವನು, ನಲವತ್ತು ದಾಟಿದ ಮೆದುಮಾತಿನ ಮನುಷ್ಯ. ಹಿಂದಿನ ದಿನವೇ ನಿಸರ್ಗ ನೋಡಿಕೊಳ್ಳುತ್ತಿದ್ದ ಮುದುಕಿ ರೇವಮ್ಮನವರ ನಡುಗುವ ಕೈ ನೋಡಿ, ಕೇಳದೆಯೇ ಅವರ ಲೋಟದ ಬದಲು ಹಿಡಿಯಿರುವ ಕಪ್ ತಂದಿಟ್ಟಿದ್ದ.

"ಇಲ್ಲಿ ಯಾರೋ ಅಡುಗೆ ಮಾಡ್ತಿದಾರಲ್ವಾ?" ಎಂದಳು ನಿಸರ್ಗ.

"ಈ ಫ್ಲೋರಲ್ಲಿ ಅಡುಗೆಮನೆಯೇ ಇಲ್ಲ ಮೇಡಂ. ಎಲ್ಲಾ ಕೆಳಗೆ, ಮೂರರಲ್ಲಿ."

"ವಾಸನೆ ಬರ್ತಿದೆಯಲ್ಲ."

ಶಶಿಕುಮಾರ್ ಮೂಗರಳಿಸಿ ನೋಡಿದ. "ನಂಗೇನೂ ಬರ್ತಿಲ್ಲ" ಎಂದು ನಕ್ಕು ಗಾಡಿ ತಳ್ಳಿಕೊಂಡು ಹೋದ.

ಬಾಗಿಲುಗಳ ಸಾಲಿನಲ್ಲಿ ನಿಸರ್ಗ ಒಬ್ಬಳೇ ಉಳಿದಳು. ಆ ವಾಸನೆಗೆ ಹೆದರಲು ಅವಳಿಗೆ ಅವಳದೇ ಕಾರಣವಿತ್ತು. ಊರಿನವರ ಲೆಕ್ಕದಲ್ಲಿ ಅವಳೂ ಸತ್ತವಳೇ.

*

ಹದಿನಾಲ್ಕು ವರ್ಷದ ಹಿಂದಿನ ಮಾತು. ಕೊರವಂಗಲಕ್ಕೆ ಹತ್ತಿರದ ಊರು. ಮಂಜುನಾಥ ಗೌಡರ ಮಗಳು ನಿಸರ್ಗ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಅದೇ ಊರಿನ ಕೇರಿಯ ಕೀರ್ತಿರಾಜ್ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುತ್ತಿದ್ದ. ಇಬ್ಬರಿಗೂ ಎಂಟೂ ಹತ್ತರ ಕೆಂಪು ಬಸ್ಸು. ಹಿಂದಿನ ಸೀಟಿನಲ್ಲಿ ಡಬ್ಬಿಗಳು ಅದಲುಬದಲಾಗುತ್ತಿದ್ದವು. ಅವನ ತಾಯಿ ಬೆಟ್ಟಮ್ಮನ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಅವಳಿಗೆ. ಅವಳ ಮನೆಯ ಉಪ್ಪಿಟ್ಟು ಅವನಿಗೆ.

"ಏನ್ ಗೌಡ್ರೇ, ಕೇರಿ ರೊಟ್ಟಿ ತಿಂತಾ ಇದ್ದೀರ. ನಿಮ್ಮಪ್ಪಂಗೆ ಗೊತ್ತಾದ್ರೆ?"

"ಬಾಯಿ ಮುಚ್ಕೊಂಡು ಇನ್ನೊಂದು ರೊಟ್ಟಿ ಕೊಡ್ರಿ ಭಟ್ರೇ."

ಅವನು ಗೌಡ್ರೇ ಎನ್ನುತ್ತಿದ್ದ, ಅವಳು ಭಟ್ರೇ ಎನ್ನುತ್ತಿದ್ದಳು. ಆ ಎರಡು ಪದಗಳಲ್ಲಿದ್ದ ಕುಚೋದ್ಯ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಬದನೆಕಾಯಿ ತಿಂದರೆ ಅವಳಿಗೆ ಮೈಯೆಲ್ಲ ತುರಿಕೆ ಎನ್ನುವುದು ಗೊತ್ತಾದ ಮೇಲೆ ಅವನ ಡಬ್ಬಿಯಲ್ಲಿ ಬದನೆಕಾಯಿ ಕಾಣಿಸಿಕೊಳ್ಳಲೇ ಇಲ್ಲ. ಅವನು ಬಾಯಿಬಿಟ್ಟು ಪ್ರೀತಿಯ ಮಾತು ಹೇಳಿದ್ದು ಒಂದೇ ಸಲ. ಬದನೆಕಾಯಿಯಿಲ್ಲದ ಡಬ್ಬಿಯಲ್ಲಿ ಮಾತ್ರ ಅದನ್ನೇ ದಿನಾ ಹೇಳುತ್ತಿದ್ದ.

ಓದು ಮುಗಿದೊಡನೆ ಅವನಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತು. ಒಂಬತ್ತು ತಿಂಗಳಿಗೆ ಬರುತ್ತೇನೆ ಎಂದು ಹೋದ. ಏಳನೇ ತಿಂಗಳಲ್ಲಿ ಮನೆಯವರಿಗೆ ಎಲ್ಲ ಗೊತ್ತಾಗಿ, ಅವಳ ಫೋನು ಅವನ ನಂಬರಿನ ಸಮೇತ ಒಲೆ ಸೇರಿ, ಅವಸರದಲ್ಲಿ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ಹಿಂದಿನ ದಿನ ನಿಸರ್ಗ ಮನೆಬಿಟ್ಟು ಅರಕಲಗೂಡಿನ ಗೆಳತಿಯ ಮನೆ ಸೇರಿದಳು. ಹನ್ನೊಂದನೇ ದಿನಕ್ಕೆ ಗೌಡರು ಬದುಕಿದ್ದ ಮಗಳ ತಿಥಿ ಮಾಡಿ, ಊರಿಗೆಲ್ಲ ಊಟ ಹಾಕಿಸಿದರು. ಅಣ್ಣ ದೇವರಾಜ್ ಊರ ಬಾಗಿಲಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ. ಗಂಡಿನ ಕಡೆಗೆಂದು ಸ್ಟುಡಿಯೋದಲ್ಲಿ ತೆಗೆಸಿದ್ದ ಸೀರೆಯ ಫೋಟೋಗೆ ಹಾರ ಬರೆಸಿದ್ದ.

ಗೆಳತಿ ಅದರ ಚಿತ್ರ ತೋರಿಸಿದಾಗ ನಿಸರ್ಗ ಅಳಲಿಲ್ಲ. "ಚೆನ್ನಾಗಿ ಬಂದಿದೀನಿ ಅಲ್ವಾ?" ಎಂದು ಕೇಳಿದಳು.

ಮೂರು ತಿಂಗಳ ಮೇಲೆ ಧೈರ್ಯ ಮಾಡಿ, ತಲೆತುಂಬ ಸೆರಗು ಹೊದ್ದು, ಕೇರಿಯ ಹಿಂದಿನಿಂದ ಬೆಟ್ಟಮ್ಮನ ಮನೆಗೆ ಹೋದಳು. ಬೆಟ್ಟಮ್ಮ ಅವಳನ್ನು ಒಳಗೆ ಕೂರಿಸಿ ಮುದ್ದೆ ಬಡಿಸಿದಳು. ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದಳು: "ಅವ್ನಿಗೆ ಅಲ್ಲೇ ಗೋವಾದಲ್ಲಿ ಮದ್ವೆ ಆಯ್ತು ಕಣವ್ವ. ಬರಾಕಿಲ್ಲ. ಅವನ್ನ ಮರ್ತುಬುಡು."

ನಿಸರ್ಗ ಹೊಳೆನರಸೀಪುರದಲ್ಲಿ ನರ್ಸಿಂಗ್ ಕಲಿತಳು. ಅಲ್ಲಿ ಇಲ್ಲಿ ದುಡಿದು, ಈಗ ಚನ್ನರಾಯಪಟ್ಟಣದಲ್ಲಿ ರೇವಮ್ಮನವರನ್ನು ನೋಡಿಕೊಳ್ಳುತ್ತಿದ್ದಳು. ತೆಂಗಿನಕಾಯಿ ಮಂಡಿಯ ಚಂದ್ರಶೇಖರಯ್ಯನವರ ತಾಯಿ, ಎಪ್ಪತ್ತೆಂಟು ವರ್ಷ, ಮೊಣಕಾಲಿನ ಆಪರೇಷನ್ ಆದವರು. ಮೊದಲ ದಿನವೇ ಅವಳ ಕಥೆ ಕೇಳಿ, "ಬದುಕಿರೋರ್ಗೆ ಎಡೆ ಇಟ್ರೆ ಆಯಸ್ಸು ಗಟ್ಟಿ ಆಯ್ತದೆ ಕಣವ್ವ. ನೀನ್ ನೂರು ವರ್ಷ ಇರ್ತೀಯ" ಎಂದಿದ್ದರು. ಆ ಮಾತಿಗೆ ಶಾಸ್ತ್ರ ಇತ್ತೋ ಇಲ್ಲವೋ. ಅವತ್ತು ಅವಳಿಗೆ ನಿದ್ದೆ ಬಂದಿತ್ತು.

*

ಹಡಗಿನ ಪ್ರವಾಸ ಮಗ ತಾಯಿಗೆ ಕೊಟ್ಟ ಉಡುಗೊರೆ. ರೇವಮ್ಮನವರಿಗೆ ಅದು ಬೇಕಿರಲಿಲ್ಲ.

"ಅಮಾಸೆ ದಿನ ಮನೇಲಿ ಎಡೆ ಇಡಾದ್ ಬುಟ್ಟು ನೀರ್ ಮ್ಯಾಲೆ ಓಗಾದಾ? ನಮ್ ಯಜಮಾನ್ರು ಎಂಗವ್ವ ಬತ್ತಾರೆ ಅಲ್ಲಿಗೆ? ಅವ್ರಿಗೆ ಈಜು ಬರ್ತಿರ್ಲಿಲ್ಲ."

ಹಡಗು ಹತ್ತುವಾಗಲೇ ನಿಸರ್ಗಳಿಗೆ ಒಂಥರಾ ಆಗಿತ್ತು. ಬಾಗಿಲಲ್ಲಿ ಬಿಳಿ ಕೋಟು, ಉದ್ದ ಟೋಪಿಯ ಅಡುಗೆಯವರು ಸಾಲಾಗಿ ನಿಂತು ತಟ್ಟೆಯಲ್ಲಿ ಪಾನಕ ಕೊಡುತ್ತಿದ್ದರು. ಇವಳು ಒಳಗೆ ಕಾಲಿಡುತ್ತಲೇ ಸಾಲಿನ ಕೊನೆಯಲ್ಲಿ ತಟ್ಟೆ ಬಿದ್ದು ಹತ್ತು ಲೋಟ ಒಮ್ಮೆಗೇ ಒಡೆದವು. ತಿರುಗಿ ನೋಡುವಷ್ಟರಲ್ಲಿ ಒಂದು ಬಿಳಿ ಬೆನ್ನು ಬಾಗಿಲ ಹಿಂದೆ ಮಾಯವಾಯಿತು.

ಆಮೇಲೆ ಅಪಾಯ ಬಂದಾಗ ಏನು ಮಾಡಬೇಕೆಂದು ಕಲಿಸಲು ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ನಿಲ್ಲಿಸಿದರು. ನೂರಾರು ಜನ ಮಾತಿಲ್ಲದೆ ಸಾಲಾಗಿ ನಿಂತು, ತಲೆ ಎಣಿಸುವವನ ಬೆರಳು ತಮ್ಮತ್ತ ಬರುವುದನ್ನೇ ಕಾಯುತ್ತಿದ್ದರು. ಆ ಬೆರಳು ತನ್ನನ್ನು ಬಿಟ್ಟು ಮುಂದೆ ಹೋದರೆ ಎಂದು ನಿಸರ್ಗಳಿಗೆ ಸುಮ್ಮನೆ ಭಯವಾಯಿತು. ಬೆರಳು ಅವಳ ಮೇಲೂ ನಿಂತಿತು. ನಲವತ್ತೊಂದು ಎಂದ. ಯಾಕೋ ಅವಳ ಕಣ್ಣು ತುಂಬಿತು.

ರಾತ್ರಿಯ ಊಟ ದೊಡ್ಡ ಹಾಲ್‌ನಲ್ಲಿ. ಮೇಜಿನ ಮೇಲೆ ಎಲ್ಲರಿಗೂ ಬದನೆಕಾಯಿ ಪಲ್ಯದ ಬಟ್ಟಲು. ಅವಳಿಗೆ ಮಾತ್ರ ಹುರುಳಿಕಾಯಿ.

"ನಾನೇನೂ ಹೇಳಿರಲಿಲ್ಲವಲ್ಲ?" ಎಂದು ಬಡಿಸುವವನನ್ನು ಕೇಳಿದಳು.

"ಕಿಚನ್‌ನಿಂದ ಹಾಗೇ ಬಂದಿದೆ ಮೇಡಂ. ಟೇಬಲ್ ನಂಬರ್ ಬರೆದು ಕಳಿಸಿದಾರೆ."

ಮರುದಿನ ಮಧ್ಯಾಹ್ನವೂ ಹಾಗೇ. ರೇವಮ್ಮನವರು ಬಟ್ಟಲಿಗೆ ಬಗ್ಗಿ ನೋಡಿ, "ಯಾರೋ ನಿನ್ನ ಬಲ್ಲೋರು ಅವ್ರೆ ಕಣವ್ವ ಕೆಳಗೆ" ಎಂದರು.

"ಕೆಳಗೆ ನೀರಿದೆ ಅಷ್ಟೇ ಅಜ್ಜಿ."

"ಅದುನ್ನೇ ನಾನೂ ಅಂದಿದ್ದು."

ನಿಸರ್ಗ ನಕ್ಕಳು. ತೋಳಿನ ಮೇಲಿನ ಕೂದಲು ಮಾತ್ರ ನಿಮಿರಿ ನಿಂತಿತ್ತು. ಈಜುಕೊಳದ ಬಳಿ ಕಾಲು ಇಳಿಬಿಟ್ಟು ಕೂತಾಗ, ಮೇಲಿನ ಅಂತಸ್ತಿನ ಗಾಜಿನ ಹಿಂದೆ ಬಿಳಿ ಕೋಟಿನವನೊಬ್ಬ ನಿಂತಿದ್ದ. ಅವನು ಅವಳ ಮುಖ ನೋಡುತ್ತಿರಲಿಲ್ಲ. ಅವಳ ಪಾದಗಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತುತ್ತಲೇ ಗಾಜಿನಲ್ಲಿ ಬರೀ ಮೋಡ ಉಳಿಯಿತು.

ಅದಾದ ಒಂದು ಗಂಟೆಗೇ ಹುಚ್ಚೆಳ್ಳಿನ ವಾಸನೆ ಬಂದದ್ದು.

*

ಅಮಾವಾಸ್ಯೆಯ ದಿನ ರೇವಮ್ಮನವರು ಬೆಳಗ್ಗೆಯಿಂದ ಏನೂ ತಿನ್ನಲಿಲ್ಲ. ಬಾಲ್ಕನಿಯ ಗಾಜಿನ ಮುಂದೆ ಕೂತು ನೀರನ್ನೇ ನೋಡುತ್ತಿದ್ದರು. ಪಕ್ಕದ ಕೋಣೆಯಿಂದ ಮಗ ಬಂದು ಬೈದ, ಸೊಸೆ ಬಂದು ಗೋಗರೆದಳು. ಅಜ್ಜಿ ಜಗ್ಗಲಿಲ್ಲ.

ಸಂಜೆ ಐದರ ಹೊತ್ತಿಗೆ ಅವರ ದನಿ ಸಣ್ಣಗಾಗಿತ್ತು. "ಒಂದ್ ತುತ್ತು ಊರ ಊಟ ತಂದ್ಕೊಡವ್ವ. ಅವ್ರಿಗೊಂದು ಎಡೆ ಇಟ್ಬುಡ್ತೀನಿ. ಕೇಕು ಬನ್ನು ಇಟ್ರೆ ಅವ್ರು ಮುಟ್ಟಾಕಿಲ್ಲ."

ಊರ ಊಟ ಎಲ್ಲಿದೆಯೆಂದು ನಿಸರ್ಗಳಿಗೆ ಗೊತ್ತಿತ್ತು. ಇವತ್ತು ಆ ವಾಸನೆ ಇನ್ನೂ ಗಾಢವಾಗಿ, ಸುಡುವ ಅಕ್ಕಿರೊಟ್ಟಿಯ ಕಂಪನ್ನೂ ಕೂಡಿಸಿಕೊಂಡು ಬಾಗಿಲ ಸಂದಿಯಿಂದ ಒಳಗೇ ಬಂದಿತ್ತು. ಅಲ್ಲಿ ಯಾರಿದ್ದಾರೋ ಅವರನ್ನು ಒಂದು ರೊಟ್ಟಿ ಕೇಳಿದರಾಯಿತು ಎಂದು ಎದೆ ಗಟ್ಟಿಮಾಡಿಕೊಂಡು ಹೊರಟಳು.

ವಾಸನೆ ಹಿಡಿದು ಖಾಲಿ ಕೋಣೆಗಳ ಕಡೆ ನಡೆದಳು. ದಪ್ಪ ಕಾರ್ಪೆಟ್ಟಿನಲ್ಲಿ ಅವಳ ಹೆಜ್ಜೆಗೇ ಸದ್ದಿರಲಿಲ್ಲ. ಕೊನೆಯ ಪರದೆ ಸರಿಸಿದರೆ ಸಿಬ್ಬಂದಿಗೆ ಮಾತ್ರ ಎಂದು ಬರೆದ ಕಬ್ಬಿಣದ ಬಾಗಿಲು. ಕರೆಂಟ್ ಒಲೆಯಲ್ಲಿ ರೂಮುಗಳಿಗೆ ಚಹಾ, ಹಾಲು ಬಿಸಿಮಾಡಿ ಕೊಡುವ ಪುಟ್ಟ ಪ್ಯಾಂಟ್ರಿ ಇರಬೇಕು. ಆ ಸಾಲಿಗೆ ಜನ ಇಲ್ಲದೆ ಈ ಸಲ ಮುಚ್ಚಿತ್ತು. ಅವಳು ತಟ್ಟಲು ಕೈ ಎತ್ತಿದಳು. ಹಡಗು ಮೆಲ್ಲಗೆ ಒಂದು ಕಡೆ ವಾಲಿತು. ಬಾಗಿಲು ತಾನಾಗಿಯೇ ತೆರೆದುಕೊಂಡಿತು.

ಒಳಗೆ ಯಾರೂ ಇಲ್ಲ.

ನೆಲದ ಮೇಲೆ ತೊಳೆದ ಬಾಳೆಎಲೆ. ಎಲೆಯ ಮೇಲೆ ಬಿಸಿ ಆರದ ಎರಡು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಗುಡ್ಡೆ, ಅದರ ನೆತ್ತಿಯಲ್ಲಿ ಕರಗುವ ಬೆಣ್ಣೆ, ಎಳೆ ಸೌತೆಕಾಯಿ, ಎರಡು ಕಜ್ಜಾಯ. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಬ್ಯಾಟರಿಯ ಪುಟ್ಟ ದೀಪ, ಹಚ್ಚದೇ ಇಟ್ಟ ಎರಡು ಊದಿನಕಡ್ಡಿ. ಯಾರೋ ಅಕ್ಕರೆಯಿಂದ ಇಟ್ಟ ಎಡೆ. ಇಟ್ಟು, ಸತ್ತವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಹಾಕಿಕೊಂಡು ಆಚೆ ಹೋಗಿದ್ದಾರೆ. ಅವಳ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಬಾಗಿಲ ಹತ್ತಿರ ನಿಲ್ಲಬಾರದು, ದೂರ ಹೋಗಿ ಬೆನ್ನು ಹಾಕಿ ನಿಲ್ಲಬೇಕು.

ಯಾರಿಗೆ ಇಟ್ಟದ್ದೆಂದು ಬಗ್ಗಿ ನೋಡಿದಳು. ಡಬ್ಬಕ್ಕೆ ಒರಗಿಸಿದ ಪುಟ್ಟ ಫೋಟೋ. ಬಸ್ ಪಾಸಿನದು. ಎರಡು ಜಡೆಯ ಹುಡುಗಿ, ಕೆನ್ನೆಯ ಮೇಲೆ ಸೀಲಿನ ಅರ್ಧಚಂದ್ರ.

ಅವಳೇ.

ನಿಸರ್ಗ ಹಾಗೇ ನೆಲಕ್ಕೆ ಕುಸಿದು ಕೂತಳು. ದೀಪ ಮಿಣುಕುತ್ತಿತ್ತು. ಫೋಟೋದ ಹುಡುಗಿ ಅವಳನ್ನೇ ನೋಡುತ್ತಿದ್ದಳು. ಅಪ್ಪ ತಿಥಿ ಮಾಡಿದಾಗ ಆಗದ ಅನುಮಾನ ಈಗ ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಆಯಿತು. ನಾನು ಯಾವಾಗಲೋ ಸತ್ತಿರಬಹುದೇ? ಅರಕಲಗೂಡು, ಹೊಳೆನರಸೀಪುರ, ರೇವಮ್ಮ, ಈ ಹಡಗು, ಇವೆಲ್ಲ ಸತ್ತ ಮೇಲಿನದ್ದೇ? ಕರೆದವರ ವಾಸನೆ ಹಿಡಿದು ಬಂದು ಎಡೆಯ ಮುಂದೆ ಕೂತಿದ್ದೇನಲ್ಲ!

ತಿಂದು ನೋಡಿದರೆ ಗೊತ್ತಾಗುತ್ತದೆ ಎನಿಸಿತು. ಕೈ ರೊಟ್ಟಿಯತ್ತ ಚಾಚಿದಳು.

ಆಗಲೇ ಹೊರಗೆ ಯಾರೋ ಎರಡು ಸಲ ಕೆಮ್ಮಿದರು. ಬಾಗಿಲನ್ನು ಮೂರು ಸಲ ತಟ್ಟಿದರು. ಉಂಡವರು ಗಾಬರಿಯಾಗದೆ ಎದ್ದು ಹೋಗಲೆಂದು ಹಾಗೆ ತಟ್ಟುವುದು. ಬಾಗಿಲು ತೆರೆಯಿತು.

ಬಿಳಿ ಕೋಟು, ಕೈಯಲ್ಲಿ ಟೋಪಿ. ಕಿವಿಯ ಹತ್ತಿರ ನರೆ. ಕಣ್ಣು ಮಾತ್ರ ಎಂಟೂ ಹತ್ತರ ಬಸ್ಸಿನದೇ.

ಕೀರ್ತಿರಾಜ್ ಕೂಗಲಿಲ್ಲ, ಓಡಲಿಲ್ಲ. ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡ.

"ತಪ್ಪಾಯ್ತು" ಎಂದ. "ಬೇಗ ತೆಗ್ದುಬಿಟ್ಟೆ. ನೀನಿನ್ನೂ ಉಂಡಿಲ್ಲ. ಉಣ್ಣು, ನಾನು ಮತ್ತೆ ಬಾಗ್ಲು ಹಾಕೊಂಡ್ ಹೋಗ್ತೀನಿ."

"ಕೀರ್ತಿ..."

"ಮಾತಾಡ್ಬೇಡ. ಮಾತಾಡಿದ್ರೆ ಹೊರಟೋಗ್ತೀಯ ನೀನು."

"ನಾನ್ಯಾಕೋ ಹೋಗ್ಲಿ? ನನ್ ಟಿಕೆಟ್ ಇನ್ನೂ ಎರಡು ದಿನ ಇದೆ."

ಅವನು ಒಂದು ಕಣ್ಣು ತೆರೆದ.

ನಿಸರ್ಗ ಎದ್ದು ಹತ್ತಿರ ಹೋದಳು. ಕೆಲಸದ ರೂಢಿ, ಎಂಥ ಗಾಬರಿಯಲ್ಲೂ ಕೈ ತಪ್ಪುವುದಿಲ್ಲ. ಅವನ ಎರಡು ಬೆರಳು ಹಿಡಿದು ತನ್ನ ಮಣಿಕಟ್ಟಿನ ಮೇಲೆ, ನಾಡಿ ಬಡಿಯುವ ಜಾಗಕ್ಕೆ ಒತ್ತಿ ಹಿಡಿದಳು.

"ಎಣಿಸು."

ಅವನು ಉಸಿರು ಬಿಗಿಹಿಡಿದು ನಿಂತ. ಅವನ ಬೆರಳು ಈರುಳ್ಳಿ, ಬೆಣ್ಣೆ, ಹುರಿದ ಕಾಳಿನ ವಾಸನೆ ಹೊಡೆಯುತ್ತಿತ್ತು. ಬೆರಳ ಕೆಳಗೆ ಅವಳ ರಕ್ತ ಕುಪ್ಪಳಿಸುತ್ತಿತ್ತು.

"ನೂರರ ಮೇಲಿದೆ" ಎಂದಳು ನಿಸರ್ಗ. "ಸತ್ತೋರಿಗೆ ಇಷ್ಟು ಬಡಿಯಲ್ಲ ಭಟ್ರೇ. ನಾನು ಓದಿದೀನಿ."

ಭಟ್ರೇ ಎಂಬ ಮಾತು ಕೇಳಿದ್ದೇ ಅವನ ಮುಖ ಒಡೆದುಹೋಯಿತು. ಟೋಪಿ ಮುಖಕ್ಕೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟ. ಅವಳ ಕೈ ಮಾತ್ರ ಬಿಡಲಿಲ್ಲ.

*

ಟೋಪಿಯಲ್ಲೇ ಮುಖ ಒರೆಸಿಕೊಂಡು ಅವನು ಹೇಳತೊಡಗಿದ.

ಒಂಬತ್ತು ತಿಂಗಳಿಗೆ ಸರಿಯಾಗಿ ಅವನು ಬಂದಿದ್ದ. ಊರ ಬಾಗಿಲಲ್ಲಿ ಬಸ್ಸಿಳಿದರೆ ತಲೆಯ ಮೇಲೆ ಅವಳ ಫ್ಲೆಕ್ಸು. ಬಿಸಿಲಿಗೆ ಬಣ್ಣ ಮಾಸಿ, ಹಾರ ಮಾತ್ರ ಕೆಂಪಗೆ ಉಳಿದಿತ್ತು. ಅವಳ ಮನೆಯ ಕಡೆ ಹೋಗಿ ಕೇಳುವ ಹಕ್ಕು ಅವನಿಗೆಲ್ಲಿಯದು? ಮನೆಗೆ ಹೋಗಿ ತಾಯಿಯನ್ನು ಕೇಳಿದ. ಹೌದು ಮಗ, ಮೂರು ದಿನ ಜ್ವರ ಅಂತ ಮಲಗಿ ಹೋಗ್ಬಿಟ್ಲು ಎಂದಳು ಬೆಟ್ಟಮ್ಮ. ಗಂಟು ಬಿಚ್ಚಲೂ ಬಿಡದೆ ಅದೇ ಸಂಜೆಯ ಬಸ್ಸಿಗೆ ಅವನನ್ನು ಹತ್ತಿಸಿದಳು.

"ನಿಮ್ಮಣ್ಣ ನನ್ನ ಹುಡುಕ್ತಾ ಇದ್ದನಂತೆ. ಅದು ಆಮೇಲೆ ಗೊತ್ತಾಯ್ತು."

"ನಿಂಗೆ ಮದ್ವೆ ಆಯ್ತು ಅಂತ ನಂಗಂದ್ರು ನಿಮ್ಮವ್ವ. ಮುಖ ತಿರುಗಿಸ್ಕೊಂಡು ಹೇಳಿದ್ರು. ತಟ್ಟೆಗೆ ಮಾತ್ರ ಮತ್ತೆ ಮತ್ತೆ ಸಾರು ಹಾಕ್ತಿದ್ರು."

ಕೀರ್ತಿರಾಜ್ ತಲೆ ತಗ್ಗಿಸಿದ. "ಅವ್ವ ಹೋಗಿ ಆರು ವರ್ಷ ಆಯ್ತು. ಕೊನೇಲಿ ನಂಗೇನೋ ಹೇಳ್ಬೇಕು ಅಂತಿದ್ಲಂತೆ. ನಾನು ಬರೋ ಹೊತ್ತಿಗೆ ಮುಗ್ದೋಗಿತ್ತು. ಸುಳ್ಳು ಹೇಳಿದ್ಲಲ್ಲ, ನಿಸರ್ಗ. ಇಬ್ರಿಗೂ."

"ನಿನ್ನ ಉಳಿಸ್ಕೊಂಡ್ರು. ನೀನಿಲ್ದಿದ್ರೆ ಇವತ್ತು ನಂಗೆ ಎಡೆ ಇಡೋರು ಯಾರು?"

ಅಳುವಿನ ನಡುವೆಯೇ ಅವನಿಗೆ ನಗು ಬಂತು. "ಹಡಗು ಹತ್ತುವಾಗ ನಿನ್ನ ನೋಡಿ ಹತ್ತು ಲೋಟ ಒಡ್ದೆ. ಹದಿನಾಕು ವರ್ಷ ಬಾ ಉಣ್ಣು ಬಾ ಅಂತ ಕರೆದೆನಲ್ಲ, ಬಂದೇಬಿಟ್ಲು ಅಂದ್ಕೊಂಡೆ."

"ಅದಕ್ಕೇ ಬದನೆಕಾಯಿ ಇರಲಿಲ್ಲ."

"ದೆವ್ವಕ್ಕಾದ್ರೂ ತುರಿಕೆ ಆಗೋದು ಬೇಡ ಅಂತ."

"ಈಜುಕೊಳದ ಹತ್ರ ನನ್ ಕಾಲು ನೋಡ್ತಿದ್ದೋನೂ ನೀನೇನಾ?"

"ಪಾದ ಹಿಂದು ಮುಂದಾಗಿದೆಯಾ ಅಂತ..."

"ಆಗಿತ್ತಾ?"

"ನೀರಲ್ಲಿತ್ತು. ಸರಿಯಾಗಿ ಕಾಣಲಿಲ್ಲ ಗೌಡ್ರೇ."

ಅವಳು ಪಾದ ಮುಂದೆ ಚಾಚಿ ತೋರಿಸಿದಳು. ಹಿಮ್ಮಡಿ ಒಡೆದ, ದಿನವಿಡೀ ನಿಂತು ದುಡಿಯುವ ಹೆಂಗಸಿನ ಪಾದ. ಅವನು ಅದನ್ನು ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. ನೋಡಿದ ರೀತಿಗೇ ಅವಳ ಕೆನ್ನೆ ಬಿಸಿಯಾಯಿತು.

"ಹೆದರಿಕೆ ಆಗ್ಲಿಲ್ವಾ ನಿಂಗೆ? ದೆವ್ವ ಅಂದ್ಕೊಂಡು ಎಡೆ ಇಟ್ಯಲ್ಲ."

"ಆಯ್ತು. ಆದ್ರೆ ಹಸ್ಕೊಂಡು ಬಂದಿರ್ತೀಯ ಅನ್ನಿಸ್ತು." ಅವನು ಟೋಪಿಯನ್ನು ಮಡಿಚುತ್ತ ಹೇಳಿದ: "ನಂಗೆ ಈಗ ಹೆದರಿಕೆ ಆಗ್ತಿರೋದು ಬೇರೆ. ಸತ್ತೋಳ ಜೊತೆ ಹೇಗಿರ್ಬೇಕು ಅಂತ ಗೊತ್ತು. ಹದಿನಾಕು ವರ್ಷ ಇದ್ದೀನಿ. ಬದುಕಿರೋಳ ಜೊತೆ ಹೇಗಿರೋದು ಗೊತ್ತಿಲ್ಲ."

"ಆ ಸತ್ತೋಳು ಎದುರು ಮಾತಾಡ್ತಿರಲಿಲ್ಲ. ಅದಕ್ಕೇ ಸುಖವಾಗಿದ್ದೆ."

"ನಿಂಗೆ ಇನ್ನೂ... ಅಂದ್ರೆ ನಾನು ಕಾರ್ತಿಕದಲ್ಲಿ ಇಳೀತೀನಿ. ಕಾಂಟ್ರಾಕ್ಟ್ ಮುಗಿಯುತ್ತೆ. ಎಲ್ಲಿಗೆ ಹೋಗೋದು ಅಂತ ಗೊತ್ತಿರಲಿಲ್ಲ."

ನಿಸರ್ಗ ಡಬ್ಬಕ್ಕೆ ಒರಗಿದ್ದ ತನ್ನ ಫೋಟೋದತ್ತ ನೋಡಿದಳು. ಬದುಕಿದ್ದೀಯ ಎಂದು ಯಾರಾದರೂ ಒಬ್ಬರು ತನ್ನ ಮುಖ ನೋಡಿ ಹೇಳಲಿ ಎಂದು ಅವಳು ಎಷ್ಟೋ ಅಮಾವಾಸ್ಯೆಗಳನ್ನು ಕಾದಿದ್ದಳು. ಊರಿಂದ ಯಾರೂ ಹೇಳಲಿಲ್ಲ. ಅವಳನ್ನು ಸತ್ತಳೆಂದು ನಂಬಿದವನೊಬ್ಬ ಮಾತ್ರ ಪ್ರತಿ ವರ್ಷ ಅವಳ ಹಸಿವನ್ನು ನೆನೆದಿದ್ದ.

"ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ಬಾ" ಎಂದಳು ಕೊನೆಗೆ. "ಬಂದು ಕರ್ಕೊಂಡು ಹೋಗ್ತೀನಿ. ಆದ್ರೆ ಒಂದು ಮಾತು ಕೀರ್ತಿ. ಇನ್ಮೇಲೆ ನಂಗೆ ನೆಲದ ಮೇಲೆ ಇಡ್ಬೇಡ. ಬಾಗ್ಲು ಹಾಕೊಂಡು ಹೋಗ್ಬೇಡ."

ಅವನು ತಲೆಯಾಡಿಸಿದ. ಅವಳು ರೊಟ್ಟಿಯತ್ತ ಮತ್ತೆ ಕೈ ಚಾಚಿದಾಗ ಎಲೆಯನ್ನು ಆಚೆ ಸರಿಸಿಬಿಟ್ಟ.

"ಇದು ಬೇಡ. ಇದು ಸತ್ತೋಳಿಗೆ ಇಟ್ಟಿದ್ದು. ನಿಂಗಲ್ಲ."

"ಹಾಗಾದ್ರೆ ಚೆಲ್ಲೋದಾ?"

ಆಗ ಅವಳಿಗೆ ರೇವಮ್ಮನವರ ನೆನಪಾಯಿತು.

*

ಎಲೆ ಹಿಡಿದು ಇಬ್ಬರೂ ಒಳಗೆ ಬಂದದ್ದನ್ನು ನೋಡಿ ರೇವಮ್ಮನವರು ಕನ್ನಡಕ ಸರಿಪಡಿಸಿಕೊಂಡರು. ಮೊದಲು ಎಲೆ ನೋಡಿದರು. "ಉಚ್ಚೆಳ್ಳು ಪುಡಿ! ಯಜಮಾನ್ರಿಗೆ ಪ್ರಾಣ ಕಣವ್ವ ಇದು." ಆಮೇಲೆ ಕೀರ್ತಿರಾಜನನ್ನು ನೋಡಿದರು. "ಯಾರಪ್ಪ ನೀನು?"

"ಎಡೆ ಇಟ್ಟೋರು ಅಜ್ಜಿ" ಎಂದಳು ನಿಸರ್ಗ.

"ಯಾರ್ಗೆ ಇಟ್ಟಿದ್ನವ್ವ?"

"ನಂಗೆ. ಹದಿನಾಕು ವರ್ಷದಿಂದ."

ಮುದುಕಿ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ. ಎಂಥ ಮನೆಯಲ್ಲೂ ಮೊದಲು ಕೇಳುವ ಆ ಪ್ರಶ್ನೆಯನ್ನು ಅವರು ನುಂಗಿಕೊಂಡದ್ದು ನಿಸರ್ಗಳಿಗೆ ಕಂಡಿತು.

"ಓ, ಅದುಕ್ಕೇ ಇಷ್ಟು ಗಟ್ಟಿ ಇದ್ದೀಯ ನೀನು. ಇವ್ನು ಉಣ್ಸಿರಾದು" ಎಂದರು. "ಬಾಪ್ಪ, ಎಲೆ ಇತ್ಲಾಗಿಡು. ನೀರಿಗೆ ಮುಖ ಮಾಡಿ ಇಡು. ಅವ್ರು ಆ ಕಡೆಯಿಂದ್ಲೇ ತಾನೆ ಬರಾದು."

ಗಾಜಿನಾಚೆ ಸೂರ್ಯ ಮುಳುಗುತ್ತಿದ್ದ. ಕಡಲು ಕಪ್ಪಗೆ, ಹೊಳೆಯುತ್ತ, ಹುರಿದ ಕಾಳಿನ ಬಣ್ಣಕ್ಕೆ ತಿರುಗಿತ್ತು. ಕೀರ್ತಿರಾಜ್ ಎಲೆ ಇಟ್ಟ. ತನ್ನ ಬ್ಯಾಟರಿ ದೀಪವನ್ನೂ ಇ‍ಟ್ಟ. ಫೋಟೋ ಮಾತ್ರ ಅವನ ಅಂಗಿಯ ಜೇಬಿನಲ್ಲಿತ್ತು. ಅಜ್ಜಿ ಕೈಮುಗಿದು, ಗಂಡನಿಗೆ ಮಾತ್ರ ಕೇಳುವಂತೆ ಏನೋ ಹೇಳಿಕೊಂಡರು. ಮೂವರೂ ಹೊರಗೆ ಬಂದು ಬಾಗಿಲು ಹಾಕಿದರು. ಶಶಿಕುಮಾರ್ ಎಲ್ಲಿಂದಲೋ ಒಂದು ಕುರ್ಚಿ ತಂದು ಅಜ್ಜಿಯ ಹಿಂದೆ ಇಟ್ಟು, ಗುಟ್ಟು ಬಲ್ಲವನಂತೆ ಕೀರ್ತಿರಾಜನತ್ತ ನೋಡಿ ಹೊರಟುಹೋದ.

ಕಾರಿಡಾರು ಹಾಗೇ ಇತ್ತು, ಹಳದಿ ದೀಪ, ಮುಗಿಯದ ಬಾಗಿಲುಗಳು. ಕೀರ್ತಿರಾಜ್ ಒಂದು ನಿಮಿಷ ಎಂದು ಪರದೆಯಾಚೆ ಹೋದ. ಪರದೆ ಅವನ ಹಿಂದೆ ಮುಚ್ಚಿಕೊಂಡಿತು. ನಿಸರ್ಗ ಅದನ್ನೇ ನೋಡುತ್ತ ನಿಂತಳು. ಒಂದು ನಿಮಿಷ ಐದಾಯಿತು, ಹತ್ತಾಯಿತು. ಅವನು ಇದ್ದದ್ದು ನಿಜವೇ ಎಂಬ ಅನುಮಾನ ಕಾಲಿನಿಂದ ತಣ್ಣಗೆ ಹತ್ತತೊಡಗಿತು.

ಮುಚ್ಚಿದ ಕೋಣೆಯ ಒಳಗೆ ಲೋಟ ಸಣ್ಣಗೆ ಸದ್ದು ಮಾಡಿತು. ಹಡಗು ವಾಲಿದ್ದಕ್ಕಿರಬೇಕು.

"ಬಂದ್ರು" ಎಂದರು ರೇವಮ್ಮ, ಬಾಗಿಲಿಗೆ ಬೆನ್ನು ಹಾಕಿ ಕೂತೇ. ಅವರ ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆಯಿತ್ತು. "ನೀನ್ ಆ ಕಡೆ ನೋಡವ್ವ. ಅವ್ರು ನಿಧಾನಕ್ಕೆ ಉಣ್ಲಿ."

ನಿಸರ್ಗ ಆ ಕಡೆ ನೋಡಿದಳು. ಪರದೆ ಸರಿದಿತ್ತು. ಕೀರ್ತಿರಾಜ್ ಬರುತ್ತಿದ್ದ. ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯ ಮೇಲೆ ಈಗಷ್ಟೇ ಹೆಂಚಿನಿಂದ ಇಳಿದು ಹೊಗೆಯಾಡುವ ರೊಟ್ಟಿ, ಅಂಚಿನಲ್ಲಿ ಚಟ್ನಿಪುಡಿ, ಬೆಣ್ಣೆ. ಬೆರಳು ಸುಡುತ್ತಿದ್ದರೂ ಅವನು ಅವಸರ ಮಾಡಲಿಲ್ಲ. ಹತ್ತಿರ ಬಂದು ನಿಂತ. ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟು, ಅವಳು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೂ ತನ್ನ ಕೈ ಬಿಡದೆ ನಿಂತ.